ದೋಸೆಯ ಲೆಕ್ಕವನ್ನು ಕೆರೆ ಏರಿಗೆ ಬರೆಯಬೇಡಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂಬತ್ತು ವರ್ಷ ದಿನಾ ನಡೆದೆ, ಆ ಒಂಬತ್ತು ವರ್ಷದಲ್ಲಿ ಆರು ಕೆಜಿ ದಪ್ಪಗಾದೆ. ಆಮೇಲೆ ನಡಿಗೆಯನ್ನು ಒಂದು ಹೆಜ್ಜೆಯೂ ಹೆಚ್ಚಿಸದೆ, ತಿನ್ನುವುದನ್ನಷ್ಟೇ ಬದಲಿಸಿ, ಹದಿನಾಲ್ಕು ತಿಂಗಳಲ್ಲಿ 84 ಕೆಜಿಯಿಂದ 72ಕ್ಕೆ ಇಳಿದೆ. ಹಿಂದಿನ ಲೇಖನದಲ್ಲಿ ನಾನು ಬರೆದದ್ದು ಇಷ್ಟೇ. ಇಷ್ಟಕ್ಕೆ ಇಷ್ಟು ಗದ್ದಲವಾದೀತೆಂದು ಎಣಿಸಿರಲಿಲ್ಲ. ಚುನಾವಣೆಯ ಬಗ್ಗೆ ಬರೆದಾಗಲೂ ಇಷ್ಟು ಜನ ಸಿಟ್ಟಾಗಿರಲಿಲ್ಲ. ಏರಿ ಮೇಲೆ ಎದುರಾದಾಗ ದೂರದಿಂದಲೇ ಕೈಯೆತ್ತಿ ನಮಸ್ಕಾರ ಹೇಳುತ್ತಿದ್ದ ಇಬ್ಬರು ಹಿರಿಯರು ಈಗ ನೀರಿನ ಕಡೆ ಮುಖ ಮಾಡಿ, ಕೊಕ್ಕರೆಗಳನ್ನು ಎಣಿಸುತ್ತ ದಾಟಿಹೋಗುತ್ತಾರೆ.

ನಡೆಯಬೇಡಿ ಎಂದು ನಾನು ಎಲ್ಲೂ ಬರೆದಿಲ್ಲ. ನಾನು ಈಗಲೂ ನಡೆಯುತ್ತೇನೆ. ನಡೆದರೆ ನಿದ್ದೆ ಬರುತ್ತದೆ, ಮಂಡಿ ಹಿಡಿದುಕೊಳ್ಳುವುದಿಲ್ಲ, ಎದೆ ಗಟ್ಟಿಯಾಗಿರುತ್ತದೆ, ಮನೆಯವರ ಮೇಲೆ ರೇಗುವುದು ಕಡಿಮೆಯಾಗುತ್ತದೆ. ತೂಕ ಇಳಿಯುವುದು ಮಾತ್ರ ಊಟದಿಂದ. ತಕರಾರು ಇರುವುದು ಈ ಕೊನೆಯ ವಾಕ್ಯಕ್ಕೆ. ಬಂದ ಆಕ್ಷೇಪಣೆಗಳಿಗೆಲ್ಲ ಉತ್ತರ ಹೇಳುತ್ತೇನೆ. ಒಂದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದನ್ನು ಕೊನೆಗಿಟ್ಟುಕೊಂಡಿದ್ದೇನೆ.

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಮಾತಾಡಿದವರು ನಿವೃತ್ತ ಎಂಜಿನಿಯರರೊಬ್ಬರು. ಅವರು ನಡೆದೇ ಏಳು ಕೆಜಿ ಇಳಿಸಿದವರು. 'ನನ್ನ ಮೈ ಸುಳ್ಳು ಹೇಳುತ್ತದೆಯೇನ್ರೀ' ಎಂದು ಕೇಳಿದರು. ಮೈ ಸುಳ್ಳು ಹೇಳುವುದಿಲ್ಲ ಸಾರ್, ಅದನ್ನು ಓದುವಾಗ ನಾವು ತಪ್ಪುತ್ತೇವೆ. ನಡಿಗೆ ಯಾವಾಗ ಶುರುಮಾಡಿದಿರಿ ಎಂದು ಕೇಳಿದೆ. ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಹೇಳಿದ ವಾರವೇ ಎಂದರು. ಅದೇ ವಾರ ಮನೆಯಲ್ಲಿ ಮೈಸೂರುಪಾಕಿನ ಡಬ್ಬ ಖಾಲಿಯಾಗಿ ಹಾಗೇ ಉಳಿಯಿತು, ಕಾಫಿಗೆ ಸಕ್ಕರೆ ನಿಂತಿತು, ರಾತ್ರಿ ಅನ್ನದ ಬದಲು ಎರಡು ಚಪಾತಿ ಬಂತು. ಅದೇ ವರ್ಷ ಅವರು ನಿವೃತ್ತರೂ ಆದರು, ಆಫೀಸಿನ ನಾಲ್ಕು ಗಂಟೆಯ ಬೋಂಡವೂ ತಪ್ಪಿತು. ಆದರೂ ಏಳು ಕೆಜಿಯ ಪೂರ್ತಿ ಕೀರ್ತಿಯನ್ನು ಅವರು ಕೊಟ್ಟಿರುವುದು ಬಿಳಿ ಶೂಗಳಿಗೆ. ಶೂ ಕಣ್ಣಿಗೆ ಕಾಣುತ್ತದೆ. ತಿನ್ನದೇ ಬಿಟ್ಟ ಮೈಸೂರುಪಾಕು ಯಾರ ಕಣ್ಣಿಗೂ ಕಾಣುವುದಿಲ್ಲ.

ಅವರು ಎಂಜಿನಿಯರು, ಲೆಕ್ಕ ಕೇಳಿದ್ದಾರೆ. ಕೊಡುತ್ತೇನೆ. 80 ಕೆಜಿ ತೂಗುವವನು ಗಂಟೆಗೆ 5 ಕಿಲೋಮೀಟರಿನಂತೆ 45 ನಿಮಿಷ ನಡೆದರೆ ಸುಮಾರು 210 ಕ್ಯಾಲೊರಿ ಖರ್ಚಾಗುತ್ತದೆ. ಆ 45 ನಿಮಿಷ ಕುರ್ಚಿಯಲ್ಲಿ ಪೇಪರು ಓದುತ್ತ ಕೂತಿದ್ದರೂ 60 ಖರ್ಚಾಗಿಯೇ ಆಗುತ್ತಿತ್ತು. ಅದನ್ನು ಕಳೆದರೆ ನಡಿಗೆಯ ನಿಜವಾದ ಗಳಿಕೆ 150. ಈಗ ಏರಿ ಇಳಿದು ನಾವೆಲ್ಲ ಸೇರುತ್ತಿದ್ದ ಹೋಟೆಲಿಗೆ ಬನ್ನಿ. ಅಲ್ಲಿನ ಮಸಾಲೆ ದೋಸೆಯಂಥದ್ದನ್ನೇ ಮನೆಯಲ್ಲಿ ಹುಯ್ದು, ಹಾಕಿದ್ದನ್ನೆಲ್ಲ ತಕ್ಕಡಿಯಲ್ಲಿಟ್ಟು ತೂಗಿ ನೋಡಿದ್ದೇನೆ. ಅಕ್ಕಿ ಉದ್ದಿನಿಂದ 210, ಎಣ್ಣೆ ತುಪ್ಪದಿಂದ 135, ಪಲ್ಯ ಚಟ್ನಿಯಿಂದ ಹತ್ತಿರ ಹತ್ತಿರ 100. ಎರಡು ಚಮಚ ಸಕ್ಕರೆಯ ಕಾಫಿ ಸೇರಿದರೆ 500 ದಾಟುತ್ತದೆ. ಮನೆಯಲ್ಲಿ ಕೈ ಬಿಗಿಹಿಡಿದು ಹಾಕಿದ ಎಣ್ಣೆಯ ಲೆಕ್ಕ ಇದು. ಹೋಟೆಲಿನ ಕಾವಲಿಯ ಮುಂದೆ ನಿಂತು ನೋಡಿದವರಿಗೆ ಅಲ್ಲಿನ ಕೈ ಎಷ್ಟು ಧಾರಾಳವೆಂದು ಗೊತ್ತು. ಒಂದು ದೋಸೆ, ಒಂದು ಕಾಫಿ ತೀರಿಸಲು ಮೂರು ದಿನದ ನಡಿಗೆ ಬೇಕು. ನಾವು ತಿನ್ನುತ್ತಿದ್ದದ್ದು ವಾರಕ್ಕೆ ಆರು ದಿನ.

ಇದಕ್ಕೆ ಇನ್ನೊಬ್ಬರು, 'ನಾನು ದೋಸೆಯನ್ನೇ ತಿನ್ನುವುದಿಲ್ಲ, ನಡೆದು ಸೀದಾ ಮನೆಗೆ ಹೋಗುತ್ತೇನೆ, ನನಗೆ ಈ ಲೆಕ್ಕ ಅನ್ವಯಿಸದು' ಎಂದಿದ್ದಾರೆ. ಒಳ್ಳೆಯದು. ಆದರೆ ಮೈ ನಮಗಿಂತ ಜಾಣ ಗುಮಾಸ್ತ. ಒಂದು ಕಡೆ ಹೆಚ್ಚು ಖರ್ಚಾದರೆ ಇನ್ನೊಂದು ಕಡೆ ಕೈ ಹಿಡಿಯುತ್ತದೆ. ತಾಂಜಾನಿಯಾದ ಹಾಡ್ಜಾ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಅಲ್ಲಿನ ಗಂಡಸರು ದಿನಕ್ಕೆ ಸರಾಸರಿ 11 ಕಿಲೋಮೀಟರಿನ ಮೇಲೆ, ಹೆಂಗಸರು 6 ಕಿಲೋಮೀಟರಿನಷ್ಟು ನಡೆಯುತ್ತಾರೆ. ಹರ್ಮನ್ ಪಾಂಟ್ಜರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಇಂಥ 30 ಜನರ ದಿನದ ಒಟ್ಟು ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಅಳೆದದ್ದು ಊಹೆಯಿಂದಲ್ಲ, ಗುರುತು ಹಿಡಿಯಬಲ್ಲ ಪರಮಾಣುಗಳಿರುವ ನೀರು ಕುಡಿಸಿ, ಮೂತ್ರ ಪರೀಕ್ಷಿಸಿ. ಮೈಗಾತ್ರಕ್ಕೆ ಸರಿಹೊಂದಿಸಿ ನೋಡಿದರೆ ಅವರ ಖರ್ಚೂ ಕುರ್ಚಿಯಲ್ಲಿ ಕೂತು ದುಡಿಯುವ ಅಮೆರಿಕ, ಯುರೋಪಿನವರ ಖರ್ಚೂ ಹೆಚ್ಚು ಕಡಿಮೆ ಒಂದೇ! ಹಾಡ್ಜಾಗಳು ತೆಳ್ಳಗಿದ್ದಾರೆ, ನಿಜ. ಆದರೆ ಹೆಚ್ಚು ಸುಡುತ್ತಾರೆ ಎಂಬ ಕಾರಣಕ್ಕಲ್ಲ.

ಅಷ್ಟು ದೂರದ ಕಾಡು ಬೇಡವೆನ್ನುವವರಿಗೆ ಅಮೆರಿಕದ ಊರಿನದೇ ಒಂದು ಉದಾಹರಣೆ ಇದೆ. ತೂಕ ಹೆಚ್ಚಿದ್ದು ವ್ಯಾಯಾಮ ಮಾಡದಿದ್ದ 464 ಹೆಂಗಸರನ್ನು ಗುಂಪು ಮಾಡಿ, ಒಂದು ಗುಂಪನ್ನು ಅದರ ಪಾಡಿಗೆ ಬಿಟ್ಟು, ಉಳಿದವರಿಂದ ಆರು ತಿಂಗಳು ಬೇರೆ ಬೇರೆ ಪ್ರಮಾಣದಲ್ಲಿ ವ್ಯಾಯಾಮ ಮಾಡಿಸಿದರು. 2009ರಲ್ಲಿ ಫಲಿತಾಂಶ ಬಂತು. ವಾರಕ್ಕೆ ಮೂರು ಗಂಟೆಗೂ ಹೆಚ್ಚು ಬೆವರು ಹರಿಸಿದವರು ಇಳಿಸಿದ್ದು ಒಂದೂವರೆ ಕೆಜಿ, ಲೆಕ್ಕದ ಪ್ರಕಾರ ಇಳಿಯಬೇಕಾಗಿದ್ದದ್ದಕ್ಕಿಂತ ಬಹಳ ಕಡಿಮೆ. ವ್ಯಾಯಾಮ ಮುಗಿಸಿ ಬಂದವರಿಗೆ ಹಸಿವಾಗುತ್ತದೆ. ಹಸಿವಾಗದಿದ್ದರೂ 'ಇವತ್ತು ನಡೆದಿದ್ದೇನಲ್ಲ' ಎಂಬ ಧೈರ್ಯ ಬರುತ್ತದೆ. ಈ ಧೈರ್ಯ ಹಸಿವಿಗಿಂತ ಅಪಾಯಕಾರಿ.

ಇದೆಲ್ಲ ಇತ್ತೀಚಿನ ಶೋಕಿ ಎಂದ ಯುವಕರೊಬ್ಬರಿಗೆ ಒಂದು ಹಳೆಯ ಕಥೆ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಅಂತ್ಯಸಂಸ್ಕಾರದ ಏರ್ಪಾಡು ಮಾಡುವ ವೃತ್ತಿಯವರು, ರಾಜಮನೆತನಕ್ಕೂ ಅವರದೇ ಸೇವೆ. ಬೊಜ್ಜು ಕರಗಿಸಲು ದೋಣಿ ನಡೆಸಿ ಎಂದು ವೈದ್ಯರು ಹೇಳಿದರೆಂದು ಬೆಳಗಿನ ಹೊತ್ತು ಹುಟ್ಟು ಹಾಕತೊಡಗಿದರು. ತೋಳು ಗಟ್ಟಿಯಾಯಿತು, ಹಸಿವು ಭೀಮನದಾಯಿತು, ತೂಕ ಏರಿತು. ಮುಂದೆ ವಿಲಿಯಂ ಹಾರ್ವೆ ಎಂಬ ವೈದ್ಯರು ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಡಿಸಿದ ಮೇಲೆ ಒಂದು ವರ್ಷದಲ್ಲಿ 46 ಪೌಂಡು, ಅಂದರೆ 21 ಕೆಜಿ ಇಳಿದರು. ಆಗ ಅವರಿಗೆ ಅರವತ್ತಾರರ ವಯಸ್ಸು. ಅದನ್ನೆಲ್ಲ ಬರೆದು 1863ರಲ್ಲಿ ಕಿರುಹೊತ್ತಗೆ ಹೊರತಂದರು. ಎಷ್ಟು ಹೆಸರಾಯಿತೆಂದರೆ ಸ್ವೀಡನ್ನಿನ ಭಾಷೆಯಲ್ಲಿ ಪಥ್ಯ ಮಾಡುವುದಕ್ಕೆ ಇವತ್ತಿಗೂ ಅವರ ಹೆಸರಿನಿಂದ ಹುಟ್ಟಿದ ಕ್ರಿಯಾಪದವೇ ಇದೆ. ಅಂಕಿಅಂಶವಾಗಿ ಒಬ್ಬ ಮನುಷ್ಯನ ಅನುಭವಕ್ಕೆ ಬೆಲೆಯಿಲ್ಲ, ನನ್ನದಕ್ಕೂ ಇಲ್ಲ. ಹೊಸದಲ್ಲ ಎಂದು ತೋರಿಸಲಷ್ಟೇ ಹೇಳಿದೆ.

ಇನ್ನು ಜಿಮ್ಮಿನ ತರಬೇತುದಾರರ ಮಾತು. ಇದರಲ್ಲಿ ಸತ್ಯವಿದೆ, ಆದ್ದರಿಂದ ನಿಧಾನವಾಗಿ ನೋಡೋಣ. ಬರೀ ಊಟ ಕಡಿಮೆ ಮಾಡಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ ಎನ್ನುತ್ತಾರೆ. ಕರಗುತ್ತದೆ. ಅರವತ್ತರ ಮೇಲಿನವರಿಗೆ ಇದು ಸಣ್ಣ ವಿಷಯವಲ್ಲ, ಬಚ್ಚಲಲ್ಲಿ ಜಾರಿದಾಗ ಕಾಪಾಡುವುದು ತೊಡೆಯ ಸ್ನಾಯುವೇ. ಹಿಂದಿನ ಲೇಖನದಲ್ಲಿ ಇದನ್ನು ಬರೆಯದೆ ಬಿಟ್ಟದ್ದು ನನ್ನ ತಪ್ಪು. ನಾನು ಕಾಳು, ಮೊಸರು ಹೆಚ್ಚು ಮಾಡಿಕೊಂಡೆ, ಬೆಳಿಗ್ಗೆ ಇಪ್ಪತ್ತು ಬಸ್ಕಿ ಹೊಡೆಯುತ್ತೇನೆ. ಮೈಸೂರಿನಲ್ಲಿ ಗರಡಿಮನೆಗಳಿಗೇನು ಬರವೇ, ಬಸ್ಕಿಯನ್ನು ಇಂಗ್ಲಿಷಿನಲ್ಲಿ ಕಲಿಯಬೇಕಾಗಿಲ್ಲ.

ಆದರೆ ಅವರು ಅಲ್ಲಿಗೆ ನಿಲ್ಲುವುದಿಲ್ಲ. ಸ್ನಾಯು ಬೆಳೆಸಿದರೆ ಮಲಗಿದ್ದಾಗಲೂ ಕೊಬ್ಬು ಉರಿಯುತ್ತದೆ ಎಂದು ಗೋಡೆಯ ಮೇಲೂ ಬರೆಸಿದ್ದಾರೆ. ಒಂದು ಕೆಜಿ ಸ್ನಾಯು ಸುಮ್ಮನಿದ್ದಾಗ ದಿನವೊಂದಕ್ಕೆ ಉರಿಸುವುದು 13 ಕ್ಯಾಲೊರಿಯ ಆಸುಪಾಸು. ವರ್ಷವಿಡೀ ಒದ್ದಾಡಿ ಮೂರು ಕೆಜಿ ಸ್ನಾಯು ಬೆಳೆಸಿದಿರಿ ಅನ್ನಿ. ದಿನಕ್ಕೆ 40 ಕ್ಯಾಲೊರಿ ಲಾಭ. ಎರಡು ಚಮಚ ಸಕ್ಕರೆ.

ನಲವತ್ತು ದಾಟಿದ ಮೇಲೆ ಮೈಯ ಉರಿ ತಗ್ಗುತ್ತದೆ, ಅದಕ್ಕೇ ಜಿಮ್ಮು ಬೇಕು ಎಂಬುದೂ ಅವರ ವಾದವೇ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಕೂಡಿಸಿ 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಮೈಗಾತ್ರಕ್ಕೆ ಸರಿಹೊಂದಿಸಿದರೆ ಇಪ್ಪತ್ತರಿಂದ ಅರವತ್ತರವರೆಗೆ ಖರ್ಚು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಇಳಿಯತೊಡಗುವುದು ಅರವತ್ತರ ನಂತರ. ನಲವತ್ತರಲ್ಲಿ ನಮ್ಮ ಹೊಟ್ಟೆ ಮುಂದೆ ಬರುವುದಕ್ಕೆ ವಯಸ್ಸನ್ನು ಬೈಯುವುದು ಅನ್ಯಾಯ. ಆ ವಯಸ್ಸಿಗೆ ಸಂಬಳ ಹೆಚ್ಚಿರುತ್ತದೆ, ಕಾರು ಬಂದಿರುತ್ತದೆ, ಮದುವೆ ಗೃಹಪ್ರವೇಶಗಳ ಕರೆಯೋಲೆ ತಿಂಗಳಿಗೆ ನಾಲ್ಕು ಬರುತ್ತಿರುತ್ತದೆ.

ಅವರೇ ನನ್ನ ಮುಂದೆ ಹಳೆಯ ಪೈಲ್ವಾನರೊಬ್ಬರನ್ನು ಸಾಕ್ಷಿಯಾಗಿ ತಂದು ನಿಲ್ಲಿಸಿದರು. ಸಾಮು ಮಾಡುತ್ತಿದ್ದಾಗ ಕಬ್ಬಿಣದಂತಿದ್ದವರು, ಬಿಟ್ಟ ಮೂರು ವರ್ಷಕ್ಕೆ ಊದಿಕೊಂಡರಂತೆ. ಪೈಲ್ವಾನರನ್ನೇ ಕೇಳಿದೆ. ನಕ್ಕು, 'ಗರಡಿ ಬಿಟ್ಟೆ ಸ್ವಾಮಿ, ತುಪ್ಪ ಬಿಡಲಿಲ್ಲ' ಎಂದರು. ತರಬೇತುದಾರರು ತಮ್ಮ ಸಾಕ್ಷಿಯನ್ನು ಇನ್ನೊಮ್ಮೆ ವಿಚಾರಿಸಿಕೊಳ್ಳಲಿ.

ಅಜ್ಜ ಅಜ್ಜಿಯರ ವಿಷಯಕ್ಕೆ ಬರುತ್ತೇನೆ. ಇದನ್ನು ಎತ್ತಿದವರು ಒಬ್ಬಿಬ್ಬರಲ್ಲ. 'ನಮ್ಮಜ್ಜ ಮೂರು ಮುದ್ದೆ ನುಂಗುತ್ತಿದ್ದರು, ಹೊಲದಲ್ಲಿ ದುಡಿಯುತ್ತಿದ್ದರು, ಕಡ್ಡಿಯಂತಿದ್ದರು.' ಮಂಡ್ಯದಿಂದ ಬರೆದವರೂ ಇದನ್ನೇ ಹೇಳಿದರು, ಚಿತ್ರದುರ್ಗದವರೂ ಇದನ್ನೇ ಹೇಳಿದರು. ಒಪ್ಪಿದೆ. ಆದರೆ ಅಜ್ಜನ ದುಡಿಮೆ ಕೋಳಿ ಕೂಗುವ ಹೊತ್ತಿನಿಂದ ಕತ್ತಲಾಗುವತನಕ. ಅದನ್ನು ನಮ್ಮ ಮುಕ್ಕಾಲು ಗಂಟೆಯ ವಿಹಾರಕ್ಕೆ ಹೋಲಿಸಿದರೆ ಅವರಿಗೇ ನಗು ಬಂದೀತು. ಹೊಲದ ದುಡಿಮೆಯನ್ನು ವಾಪಸು ತರುವವರಿದ್ದರೆ ತನ್ನಿ, ನಾನು ಸೋಲೊಪ್ಪಿಕೊಳ್ಳುತ್ತೇನೆ.

ಅಜ್ಜನ ದುಡಿಮೆ ನೆನಪಿರುವವರಿಗೆ ಅಜ್ಜಿಯ ಒಗ್ಗರಣೆ ಮರೆತುಹೋಗಿದೆ. ನಮ್ಮ ಹಳ್ಳಿ ಮನೆಯಲ್ಲಿ ಎಣ್ಣೆ ಬರುತ್ತಿದ್ದದ್ದು ಕುತ್ತಿಗೆಗೆ ದಾರ ಕಟ್ಟಿದ ಸೀಸೆಯಲ್ಲಿ. ಒಂದು ಸೀಸೆ ಎಷ್ಟು ದಿನ ಬರಬೇಕೆಂಬುದು ಅಜ್ಜಿಗೆ ಗೊತ್ತಿತ್ತು. ಹಪ್ಪಳ ಕರಿಯುವುದು ಹಬ್ಬಕ್ಕೆ, ಉಳಿದ ದಿನ ಕೆಂಡದ ಮೇಲೆ ಸುಟ್ಟದ್ದು. ಈಗ? ನೀತಿ ಆಯೋಗದ 2024ರ ವರದಿಯ ಪ್ರಕಾರ ದೇಶದಲ್ಲಿ ಖಾದ್ಯ ತೈಲದ ಬಳಕೆ ವರ್ಷಕ್ಕೆ ತಲಾ 19.7 ಕೆಜಿ. ದಿನಕ್ಕೆ ಭಾಗಿಸಿ ನೋಡಿ: 54 ಗ್ರಾಂ, ಅಂದರೆ ಎಣ್ಣೆಯೊಂದರಿಂದಲೇ 480ಕ್ಕೂ ಹೆಚ್ಚು ಕ್ಯಾಲೊರಿ. ಮೇಲಿನ ಲೆಕ್ಕದಂತೆ ಇಷ್ಟನ್ನು ನಡೆದೇ ತೀರಿಸುತ್ತೇನೆಂದರೆ ದಿನಕ್ಕೆ ಎರಡೂವರೆ ಗಂಟೆ ಬೇಕು, ದಿನಾ ಬೇಕು, ಮಳೆ ಬಂದರೂ ಬೇಕು. ಇಬ್ಬರೇ ಇರುವ ನಮ್ಮ ಮನೆಗೆ ತಿಂಗಳಿಗೆ ಮೂರು ಲೀಟರು ಬರುತ್ತಿತ್ತು, ಈಗ ಒಂದು.

ಮುದ್ದೆಯ ಮಹಿಮೆಯ ಬಗ್ಗೆಯೂ ಒಂದು ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ತೆರೆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ಅಷ್ಟೇ. ರಾಗಿಯಲ್ಲಿ ನಾರು 11 ಗ್ರಾಂ, ಅಕ್ಕಿಯಲ್ಲಿ ಮೂರೂ ಇಲ್ಲ, ಸುಣ್ಣದ ಅಂಶದಲ್ಲಂತೂ ಅಕ್ಕಿ ರಾಗಿಯ ಹತ್ತಿರವೂ ಸುಳಿಯುವುದಿಲ್ಲ. ಹೊಟ್ಟೆ ತುಂಬಿದಂತಿರುವುದು ನಾರಿನಿಂದ. ಅಕ್ಕಿ ಬಿಟ್ಟು ಮುದ್ದೆ ಹಿಡಿದೆ, ತೂಕ ಇಳಿಯಲಿಲ್ಲ ಎಂದು ದೂರುವವರು ಮುದ್ದೆಯ ಗಾತ್ರವನ್ನೂ ಅದರ ಮೇಲೆ ಹಾಕಿಕೊಂಡ ತುಪ್ಪವನ್ನೂ ನೋಡಿಕೊಳ್ಳಬೇಕು.

ಎದುರಾಳಿಗಳು ಹೇಳದ ಒಂದು ಒಳ್ಳೆಯ ವಾದವನ್ನು ಅವರ ಪರವಾಗಿ ನಾನೇ ಹೇಳುತ್ತೇನೆ. ಜೀನ್ ಮೇಯರ್ ಮತ್ತು ಸಂಗಡಿಗರು 1956ರಲ್ಲಿ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಕೆಲಸಗಾರರ ಊಟ, ತೂಕ, ದುಡಿಮೆಗಳ ಬಗ್ಗೆ ಬರೆದರು. ಹೆಚ್ಚು ದುಡಿದವರು ಹೆಚ್ಚು ತಿನ್ನುತ್ತಿದ್ದರು, ತೂಕ ಸರಿಯಾಗಿತ್ತು. ಸೋಜಿಗವೆಂದರೆ ಇಡೀ ದಿನ ಕೂತಿರುವವರು ಕಡಿಮೆ ತಿನ್ನುತ್ತಿರಲಿಲ್ಲ, ದುಡಿಯುವವರಷ್ಟೇ ತಿನ್ನುತ್ತಿದ್ದರು, ದಪ್ಪಗಿದ್ದರು. ತೀರಾ ಅಲ್ಲಾಡದೆ ಕೂತವನಿಗೆ ಹಸಿವಿನ ಅಳತೆಯೇ ತಪ್ಪುತ್ತದೆ ಎಂದು ಇದರಿಂದ ಹೇಳಬಹುದು. ಹಾಗಿದ್ದರೆ ಸ್ವಲ್ಪ ಓಡಾಟ ಊಟಕ್ಕೆ ಕಡಿವಾಣ ಹಾಕಲು ನೆರವಾದೀತು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಕಡಿವಾಣ ಹಾಕಬೇಕಾದದ್ದು ಊಟಕ್ಕೇ.

ಎಲ್ಲರಿಗಿಂತ ಗಂಭೀರವಾಗಿ ಬರೆದವರು ಒಬ್ಬ ವೈದ್ಯರು. ಅಮೆರಿಕದಲ್ಲಿ 1994ರಿಂದ ತೂಕ ಇಳಿಸಿ ಉಳಿಸಿಕೊಂಡವರ ಒಂದು ರಾಷ್ಟ್ರೀಯ ಪಟ್ಟಿ ಇದೆ. 30 ಪೌಂಡು ಇಳಿಸಿ ವರ್ಷವಾದರೂ ಉಳಿಸಿಕೊಂಡವರಿಗೆ ಅದರಲ್ಲಿ ಜಾಗ. ಅವರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ, ಇದಕ್ಕೇನು ಹೇಳುತ್ತೀರಿ ಎಂದು ಕೇಳಿದ್ದಾರೆ. ಡಾಕ್ಟರೇ, ಅದೇ ಪಟ್ಟಿಯ ಮುಂದಿನ ಸಾಲು: ನೂರಕ್ಕೆ ತೊಂಬತ್ತೆಂಟು ಜನ ಊಟವನ್ನು ಬದಲಿಸಿದವರು. ಇಳಿಸಿದ್ದನ್ನು ಉಳಿಸಿಕೊಳ್ಳಲು ಓಡಾಟ ಬೇಕೆಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ವಿಪರೀತ ವ್ಯಾಯಾಮ, ವಿಪರೀತ ಪಥ್ಯ ಮಾಡಿ ಇಳಿದ 14 ಜನರನ್ನು ಆರು ವರ್ಷದ ನಂತರ ನೋಡಿದಾಗ ಒಬ್ಬರನ್ನು ಬಿಟ್ಟು ಎಲ್ಲರ ತೂಕವೂ ಮತ್ತೆ ಏರಿತ್ತು, ಮೈಯ ಉರಿಯೂ ಅವರ ಮೈಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆಯಿತ್ತು. ಹೆಚ್ಚು ಉಳಿಸಿಕೊಂಡವರು ಹೆಚ್ಚು ಓಡಾಡುತ್ತಿದ್ದವರು. ಇಳಿಸುವುದು ಬೇರೆ, ಉಳಿಸುವುದು ಬೇರೆ ಎಂದು ಬರೆದಿದ್ದರೆ ನನ್ನ ಲೇಖನ ಇನ್ನೂ ಸರಿಯಿರುತ್ತಿತ್ತು. ಹದಿನಾಲ್ಕೇ ತಿಂಗಳಾಗಿರುವುದರಿಂದ ಉಳಿಸುವ ಪರೀಕ್ಷೆ ನನಗಿನ್ನೂ ಬಾಕಿಯಿದೆ.

ಸಕ್ಕರೆ ಕಾಯಿಲೆ ತಡೆಯಲು ನಡಿಗೆ ಬೇಡವೇ ಎಂಬ ಅವರ ಇನ್ನೊಂದು ಪ್ರಶ್ನೆಗೆ ಚೆನ್ನೈಯಿಂದಲೇ ಉತ್ತರವಿದೆ. ಡಾ. ಎ. ರಾಮಚಂದ್ರನ್ ಅವರ ತಂಡ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪು ಮಾಡಿ ಮೂರು ವರ್ಷ ನೋಡಿತು, 2006ರಲ್ಲಿ ಪ್ರಕಟಿಸಿತು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂತು. ನಡಿಗೆ, ಪಥ್ಯ ಎರಡನ್ನೂ ಹೇಳಿಕೊಟ್ಟವರಲ್ಲಿ 39 ಜನಕ್ಕೆ. ಈ ಎರಡನೆಯ ಗುಂಪಿನವರ ಸರಾಸರಿ ತೂಕವೇನೂ ಇಳಿದಿರಲಿಲ್ಲ! ನಡಿಗೆಗೆ ತಕ್ಕಡಿಯಲ್ಲಿ ಕಾಣದ ಕೆಲಸಗಳಿವೆ ಎಂದು ನಾನು ಹೇಳುತ್ತಿರುವುದು ಇದನ್ನೇ. ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲವೆಂದು ಬೇಸತ್ತು ಮೂರೇ ತಿಂಗಳಿಗೆ ನಡಿಗೆ ಬಿಟ್ಟವರನ್ನು ಏರಿ ಮೇಲೆ ಎಷ್ಟೋ ಜನರನ್ನು ಕಂಡಿದ್ದೇನೆ. ನಡೆದರೆ ಇಳಿಯುತ್ತೀರಿ ಎಂಬ ಸುಳ್ಳು ಭರವಸೆ ಕೊಟ್ಟು ಅವರಿಗೆ ನಡಿಗೆಯನ್ನೇ ತಪ್ಪಿಸಿದವರು ನಾವು. ಇನ್ನೊಂದು ಕಡೆ ಬ್ರಿಟನ್ನಿನಲ್ಲಿ, 2017ರ ಒಂದು ಪ್ರಯೋಗದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಕೆಲವು ತಿಂಗಳು ದಿನಕ್ಕೆ 850 ಕ್ಯಾಲೊರಿಯೊಳಗೆ ಇಟ್ಟವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ವರ್ಷದ ಕೊನೆಗೆ ಮಧುಮೇಹದ ಮಾತ್ರೆಯಿಲ್ಲದೆ ಸರಿಯಾಗಿದ್ದರು. ಮಾತ್ರೆ ನುಂಗುವವರು ಇದನ್ನು ಓದಿ ತಾವೇ ಮನೆಯಲ್ಲಿ ಉಪವಾಸ ಕೂರಬಾರದು, ಸಕ್ಕರೆ ಪ್ರಮಾಣ ಧಡಕ್ಕನೆ ಇಳಿದೀತು.

ಅಂದಹಾಗೆ, ತಪ್ಪೆಲ್ಲ ಓಡಾಟದ ಕೊರತೆಯದು, ತಿನ್ನುವುದರದಲ್ಲ ಎಂಬ ಮಾತು ಯಾರಿಗೆ ಹಿತ ಎಂದು ಯೋಚಿಸಿದ್ದೀರಾ? ಶಕ್ತಿಯ ಸಮತೋಲನದ ಹೆಸರಿನಲ್ಲಿ ವಿಜ್ಞಾನಿಗಳ ಕೂಟವೊಂದು ಅಮೆರಿಕದಲ್ಲಿ ಹುಟ್ಟಿಕೊಂಡಿತ್ತು. ಅದಕ್ಕೆ ಕೋಕಾ ಕೋಲಾ ಕಂಪನಿ 15 ಲಕ್ಷ ಡಾಲರು ಕೊಟ್ಟದ್ದನ್ನು 2015ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಬಯಲು ಮಾಡಿತು. ವರ್ಷ ಮುಗಿಯುವುದರೊಳಗೆ ಕೂಟ ಬಾಗಿಲು ಹಾಕಿತು. ಅದರ ಅಧ್ಯಕ್ಷರಾಗಿದ್ದ ಜೇಮ್ಸ್ ಹಿಲ್, ಡಾಕ್ಟರು ನನಗೆ ತೋರಿಸಿದ ಆ ಪಟ್ಟಿಯನ್ನು ಶುರುಮಾಡಿದ ಇಬ್ಬರಲ್ಲಿ ಒಬ್ಬರು. ಇದರಿಂದ ಪಟ್ಟಿಯೇನೂ ಸುಳ್ಳಾಗುವುದಿಲ್ಲ. ಹೇಳದೆ ಬಿಟ್ಟರೆ ನಾನು ಸುಳ್ಳನಾಗುತ್ತೇನೆ.

ದಪ್ಪಗಿದ್ದರೇನು ತಪ್ಪು ಎಂದು ಕೇಳಿದವರಿಗೆ: ತಪ್ಪೇನೂ ಇಲ್ಲ. ತೆಳ್ಳಗಿರುವುದು ದೊಡ್ಡ ಸಾಧನೆಯೂ ಅಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತ ಚಿತ್ರ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತ್ತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ಮೈಯ ಕೊಬ್ಬು ಮಾತ್ರ ಬ್ರಿಟನ್ನಿನವರಿಗೆ ನೂರಕ್ಕೆ 9, ನಮ್ಮವರಿಗೆ 21.

ದುಡ್ಡಿನ ಮಾತಿಗೆ ಬರೋಣ. ಪಥ್ಯ ಎಂದರೆ ಓಟ್ಸು, ಕಿನೋವಾ, ಬೆಣ್ಣೆಹಣ್ಣು. ಅದು ಉಳ್ಳವರ ಆಟ ಎಂದು ಹಲವರು ಹಂಗಿಸಿದ್ದಾರೆ. ನಾನು ಹೊಸದಾಗಿ ಏನೂ ಕೊಳ್ಳಲಿಲ್ಲ. ಬಿಟ್ಟದ್ದೇ ಹೆಚ್ಚು. ಹೋಟೆಲಿನ ದೋಸೆ ಭಾನುವಾರಕ್ಕೆ ಸೀಮಿತವಾಯಿತು, ತಿಂಗಳಿಗೆ ಎರಡು ಸಾವಿರ ಉಳಿಯಿತು. ನಾಲ್ಕು ಕಾಫಿಗೆ ಎಂಟು ಚಮಚ ಸಕ್ಕರೆ ಹೋಗುತ್ತಿತ್ತು, ಅಂದರೆ 40 ಗ್ರಾಂ. ಈಗ ಎರಡು ಕಾಫಿ, ಅರ್ಧರ್ಧ ಚಮಚ. ಸಂಜೆಯ ಕೋಡುಬಳೆ ನೆಂಟರು ಬಂದ ದಿನ ಮಾತ್ರ. ದೊಡ್ಡ ಬದಲಾವಣೆ ಮಧ್ಯಾಹ್ನದ ಊಟದಲ್ಲಿ. ಮೊದಲು ಹುಳಿಗೊಂದು ಸಲ ಅನ್ನ, ಸಾರಿಗೊಂದು ಸಲ, ಮೊಸರಿಗೊಂದು ಸಲ. ಪಲ್ಯ ಎಲೆಯ ಮೂಲೆಯಲ್ಲಿ ಶಾಸ್ತ್ರಕ್ಕೆ. ಈಗ ಮೊದಲು ಒಂದು ಬಟ್ಟಲು ಪಲ್ಯ, ಕೋಸಂಬರಿ. ಆಮೇಲೆ ಅನ್ನ ಒಂದೇ ಸಲ ಬಡಿಸಿಕೊಂಡು, ಅದನ್ನೇ ಮೂರು ಪಾಲು ಮಾಡಿ, ಹುಳಿ ಸಾರು ಮೊಸರು ಮೂರಕ್ಕೂ ಹಂಚುವುದು. ಇದರಲ್ಲಿ ಪರದೇಶದ್ದು ಏನಿದೆ?

ಆದರೆ ಈ ಆಕ್ಷೇಪಣೆಯ ಒಳಗೆ ಇನ್ನೊಂದು ಆಕ್ಷೇಪಣೆ ಇದೆ, ಅದಕ್ಕೆ ತಲೆಬಾಗುತ್ತೇನೆ. ಪಡಿತರದಲ್ಲಿ ಅಕ್ಕಿ ಸಿಗುತ್ತದೆ, ಹುರುಳಿಕಾಯಿ ಸಿಗುವುದಿಲ್ಲ. ತೊಗರಿಬೇಳೆಯ ಬೆಲೆ ನೋಡಿ ಸಾರನ್ನು ನೀರಾಗಿಸುವ ಮನೆಯಲ್ಲಿ ಒಂದು ಬಟ್ಟಲು ಪಲ್ಯ ತಿನ್ನಿ ಎಂದು ಉಪದೇಶ ಮಾಡುವುದು ಸುಲಭವಲ್ಲ. ದೋಸೆ ಬಿಟ್ಟು ಉಳಿಸಲು ಮೊದಲು ದೋಸೆ ತಿನ್ನುವಷ್ಟು ಇರಬೇಕು. ನನ್ನ ಲೇಖನ ಪಿಂಚಣಿಯವರ ಲೇಖನ, ಒಪ್ಪಿಕೊಂಡೆ.

ಇನ್ನು ಉಳಿದದ್ದು ಹಾಸನ ಜಿಲ್ಲೆಯ ಶಾಲಾ ಶಿಕ್ಷಕಿಯೊಬ್ಬರ ಕಾಗದ. ಒಂದೇ ಪುಟ. ಹದಿನಾಲ್ಕು ತಿಂಗಳು ಆ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದವರು ಯಾರು ಎಂದು ಕೇಳಿದ್ದಾರೆ. ಅದನ್ನು ನನಗಿಂತ ಮೊದಲು ಒಡೆದು ಓದಿದ್ದು ನನ್ನ ಹೆಂಡತಿ. ಕಾಫಿ ಲೋಟದ ಕೆಳಗಿಟ್ಟು, 'ಉತ್ತರ ಬರೀರಿ, ನಾನೂ ಓದ್ತೀನಿ' ಎಂದಳು.

ಮೂರು ದಿನ ಬರೆಯಲಾಗಲಿಲ್ಲ. ವ್ಯಾಯಾಮದ ಮಾತು ಎಲ್ಲರಿಗೂ ಯಾಕೆ ಪ್ರಿಯ ಎಂದು ಆಗ ಹೊಳೆಯಿತು. ಶೂ ಹಾಕಿಕೊಂಡು ಹೊರಟರೆ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ. ಊಟ ಬದಲಾಗಬೇಕಾದರೆ ಅಡುಗೆಮನೆ ಬದಲಾಗಬೇಕು, ಬಡಿಸುವ ಕೈ ಬದಲಾಗಬೇಕು, 'ಇನ್ನೊಂಚೂರು ಹಾಕಿಸಿಕೊಳ್ಳಿ' ಎಂದು ಒತ್ತಾಯಿಸುವ ಅಕ್ಕನಿಗೆ ಬೇಸರವಾಗದಂತೆ ಬೇಡವೆನ್ನಬೇಕು, ಶ್ರಾದ್ಧದ ವಡೆ ಬಿಟ್ಟೇಳುವಾಗ ಹಿರಿಯರ ಮುಖ ನೋಡಬೇಕು. ನನ್ನ ತಂಗಿಯ ಮನೆಯಲ್ಲಿ ಎರಡನೆಯ ಒಬ್ಬಟ್ಟು ಬೇಡವೆಂದದ್ದಕ್ಕೆ ನಾಲ್ಕು ತಿಂಗಳು ಫೋನಿನಲ್ಲಿ ಬರೀ 'ಹೂಂ, ಚೆನ್ನಾಗಿದ್ದೀವಿ' ಆಯಿತು. ತಟ್ಟೆ ಒಬ್ಬನದಲ್ಲ. ಕೆರೆ ಏರಿ ಒಬ್ಬನದಾಗಬಹುದು.

ನಾಲ್ಕನೆಯ ದಿನ ಇನ್ನೊಂದು ಸಂಗತಿ ಗೊತ್ತಾಯಿತು. ನಾನು ತಂದಿಟ್ಟ ತೂಕದ ಯಂತ್ರದ ಮೇಲೆ ಅವಳು ಯಾವತ್ತೂ ಹತ್ತಿರಲಿಲ್ಲ, ಅಥವಾ ಹತ್ತಿದ್ದನ್ನು ನನಗೆ ಹೇಳಿರಲಿಲ್ಲ. ಆ ದಿನ ಹತ್ತಿ ತೋರಿಸಿದಳು. ನಾನು ಹನ್ನೆರಡು ಕೆಜಿ ಇಳಿದ ಹದಿನಾಲ್ಕು ತಿಂಗಳಲ್ಲಿ ಅವಳು ಎರಡೂವರೆ ಕೆಜಿ ಏರಿದ್ದಳು. ಯಾಕೆಂದು ಕೇಳುವ ಮೊದಲೇ ಹೇಳಿದಳು. ನಾನು ಒಂದೇ ಸಲ ಅನ್ನ ಹಾಕಿಸಿಕೊಳ್ಳತೊಡಗಿದೆ, ಕುಕ್ಕರಿಗೆ ಬೀಳುವ ಅಕ್ಕಿ ಮಾತ್ರ ಮೊದಲಿನಂತೆ ಒಂದು ಪಾವು. ಮಿಕ್ಕ ಅನ್ನ ಎಲ್ಲಿಗೆ ಹೋಗಬೇಕು? 'ಚೆಲ್ಲಲಿಕ್ಕೆ ಮನಸ್ಸು ಬರುತ್ತಾ?' ರಾತ್ರಿ ಅದು ಚಿತ್ರಾನ್ನವಾಗಿ, ಇಲ್ಲವೇ ಮೊಸರನ್ನವಾಗಿ ಅವಳ ತಟ್ಟೆಗೆ ಬರುತ್ತಿತ್ತು. ನಾನು ಬಿಟ್ಟದ್ದನ್ನು ಅವಳು ತಿಂದು ಮುಗಿಸುತ್ತಿದ್ದಳು, ನಾನು ಅದರ ಬಗ್ಗೆ ಲೇಖನ ಬರೆಯುತ್ತಿದ್ದೆ.

ಶಿಕ್ಷಕಿಯವರಿಗೆ ನನ್ನ ಉತ್ತರ ಇದು, ಅಮ್ಮ: ತೂಕದ ಲೆಕ್ಕ ತಟ್ಟೆಯಲ್ಲಿದೆ ಎಂದು ಬರೆದಿದ್ದೆ. ಪಾವಿನಲ್ಲಿದೆ ಎಂದು ತಿದ್ದಿಕೊಳ್ಳುತ್ತೇನೆ. ಈಗ ಅಕ್ಕಿ ಅಳೆಯುವವನು ನಾನು, ಅರ್ಧ ಪಾವಿಗಿಂತ ಒಂದು ಹಿಡಿ ಹೆಚ್ಚು. ಸೌತೆಕಾಯಿ ಹೆಚ್ಚುವವನೂ ನಾನೇ, ಎರಡು ಸಲ ಬೆರಳು ಕುಯ್ದುಕೊಂಡಿದ್ದೇನೆ. ಆ ಹೊತ್ತಿನಲ್ಲಿ ಅವಳು ಏರಿ ಮೇಲೆ ಹೋಗುತ್ತಾಳೆ. ತೂಕ ಇಳಿಸುವುದಕ್ಕಲ್ಲವಂತೆ, ಮಾತಾಡಲು ಜನ ಸಿಗುತ್ತಾರಂತೆ. ಮೊನ್ನೆ ಬರುವಾಗ ಒಂಬತ್ತು ದಾಟಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ಗೆಳತಿಯರೆಲ್ಲ ಸೇರಿ ದೋಸೆ ತಿನ್ನಲು ಹೋಗಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ, 'ರೀ, 150ರ ಲೆಕ್ಕ ನನಗೆ ಹೇಳಬೇಡಿ' ಎಂದು ಒಳಗೆ ಹೋದಳು.